ಸೋತ ಪಕ್ಷದ ಅಧ್ಯಕ್ಷ: ಎಸ್. ನಿಜಲಿಂಗಪ್ಪನವರ ರಾಜಕೀಯ ಜೀವನ

(ಡೊಂಬಿವಿಲಿಯಲ್ಲಿ ನಮ್ಮ ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಾಠ)



ರಾಜಕಾರಣಿಯೊಬ್ಬರ ಬಗ್ಗೆ ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನನ್ನನ್ನು ಕೇಳಿದಾಗ ಮೊದಲು ನೆನಪಾದದ್ದು ಕೇಂದ್ರ ಸರಕಾರಿ ನೌಕರರ ನಡತೆಯ ನಿಯಮಾವಳಿ. ಇಂದಿನ ಪಕ್ಷಗಳ ಬಗ್ಗೆ ನಾನು ತುಟಿ ಬಿಚ್ಚುವಂತಿಲ್ಲ. ಆದರೆ ಅರ್ಧ ಶತಮಾನಕ್ಕೂ ಹಿಂದೆ ನಡೆದು ಮುಗಿದ ಜಗಳವೊಂದರಲ್ಲಿ ಸೋತವರ ಬಗ್ಗೆ ಮಾತನಾಡಲು ಯಾವ ನಿಯಮವೂ ಅಡ್ಡಬರಲಾರದೆಂದು ಭಾವಿಸಿ, ಎಸ್. ನಿಜಲಿಂಗಪ್ಪನವರನ್ನು ಆರಿಸಿಕೊಂಡಿದ್ದೇನೆ. ಗೆದ್ದವರ ಚರಿತ್ರೆಯನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಸೋತವರ ಕಡತವನ್ನು ಕೊನೆಯ ಪುಟದವರೆಗೆ ಓದುವವರು ಕಡಿಮೆ.

ಕಾಂಗ್ರೆಸ್ ಒಡೆದ ಮಾರನೆಯ ವರ್ಷ ಹುಟ್ಟಿದವನು ನಾನು. ನಾನು ಬೆಳೆದ ದಿನಗಳಲ್ಲಿ ನಿಜಲಿಂಗಪ್ಪನವರ ಹೆಸರಿಗೆ ಎರಡು ವಿಶೇಷಣಗಳಿದ್ದವು. ಊರಿನ ಹಿರಿಯರ ಬಾಯಲ್ಲಿ ಅವರು ‘ಏಕೀಕರಣದ ಮುಖ್ಯಮಂತ್ರಿ’. ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಟಿಪ್ಪಣಿ ಬರೆಸುತ್ತಿದ್ದ ಅಧ್ಯಾಪಕರ ಬಾಯಲ್ಲಿ ‘ಸಿಂಡಿಕೇಟಿನ ಬಲಪಂಥೀಯ’. ಒಬ್ಬರೇ ವ್ಯಕ್ತಿಗೆ ಈ ಎರಡೂ ಹೇಗೆ ಒಪ್ಪುತ್ತವೆಂಬುದೇ ಇಂದಿನ ಮಾತಿನ ವಿಷಯ.

ಬಲಪಂಥೀಯ, ಪ್ರತಿಗಾಮಿ, ಯಥಾಸ್ಥಿತಿವಾದಿ ಎಂಬ ಶಬ್ದಗಳೆಲ್ಲ ನಮ್ಮಲ್ಲಿ ಎದುರಾಳಿಗಳು ಕೊಟ್ಟ ಬಿರುದುಗಳು. ಬ್ರಿಟನ್ನಿನಲ್ಲಿ ಅದೇ ಅರ್ಥದ ಹೆಸರನ್ನು ಒಂದು ದೊಡ್ಡ ಪಕ್ಷ ಹೆಮ್ಮೆಯಿಂದ ಇಟ್ಟುಕೊಂಡಿದೆ. ಅಮೆರಿಕದಲ್ಲಿ ತಮ್ಮನ್ನು ತಾವೇ ಹಾಗೆ ಕರೆದುಕೊಂಡು ಮತ ಕೇಳುವವರಿದ್ದಾರೆ. ಭಾರತದಲ್ಲಿ ಆ ಕಾಲಕ್ಕೆ ರಾಜಾಜಿ 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷವನ್ನು ಬಿಟ್ಟರೆ, ಸರಕಾರ ಕೈಹಾಕಬೇಕಾದ ಕ್ಷೇತ್ರಗಳಿಗೊಂದು ಮಿತಿಯಿರಲಿ ಎಂದು ಬಹಿರಂಗವಾಗಿ ಹೇಳುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ. ನಿಜಲಿಂಗಪ್ಪನವರು ಸ್ವತಂತ್ರ ಪಕ್ಷದವರಲ್ಲ. ಗಾಂಧೀ ಯುಗದ ಕಾಂಗ್ರೆಸ್ಸಿಗರು. ಅವರು ಉಳಿಸಿಕೊಳ್ಳಲು ಹೋರಾಡಿದ್ದು ಜಮೀನನ್ನಲ್ಲ, ಬಂಡವಾಳವನ್ನಲ್ಲ, ಒಂದು ಸಂಸ್ಥೆಯನ್ನು. ನನ್ನ ಮಟ್ಟಿಗೆ ಅವರ ಸಂಪ್ರದಾಯನಿಷ್ಠೆಯ ತಿರುಳು ಇದು: ಪಕ್ಷ ದೊಡ್ಡದು, ಅದರ ನಾಯಕ ಚಿಕ್ಕವನು, ನಿಯಮ ಮೊದಲು, ಜನಪ್ರಿಯತೆ ಆಮೇಲೆ.

ಅವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ. ಆಗ ಬಳ್ಳಾರಿ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಓದಿದ್ದು ಮೈಸೂರು ಸಂಸ್ಥಾನದ ದಾವಣಗೆರೆ, ಚಿತ್ರದುರ್ಗಗಳಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಕಾನೂನು ಓದಿದ್ದು ಪುಣೆಯಲ್ಲಿ. 1926ರಲ್ಲಿ ಪದವಿ ಪಡೆದು ಚಿತ್ರದುರ್ಗದಲ್ಲಿ ವಕೀಲಿ ಹಿಡಿದರು. ಮದ್ರಾಸು, ಮೈಸೂರು, ಮುಂಬಯಿ ಎಂಬ ಮೂರು ಆಡಳಿತಗಳ ನೀರು ಕುಡಿದ ಕನ್ನಡಿಗನಿಗೆ ಕನ್ನಡ ನಾಡು ಒಂದೇ ಎಂದು ಭಾಷಣ ಕೇಳಿ ತಿಳಿಯಬೇಕಾದ ಅಗತ್ಯವಿರಲಿಲ್ಲ. ಪುಣೆಯ ಆ ದಿನಗಳನ್ನು ನಾವು ಮಹಾರಾಷ್ಟ್ರದ ಕನ್ನಡಿಗರು ಸ್ವಲ್ಪ ಹೆಚ್ಚು ನೆನೆಯಬೇಕು. ನಮ್ಮವರ ರಾಜಕೀಯ ಶಿಕ್ಷಣದಲ್ಲಿ ಆ ಊರಿನ ಪಾಲು ದೊಡ್ಡದು.

ಸ್ವಾತಂತ್ರ್ಯ ಚಳವಳಿಯಲ್ಲಿ ಅವರ ಹೆಸರು ಕಟ್ಟಿಕೊಂಡಿರುವುದು 1939ರ ತುರುವನೂರು ಸತ್ಯಾಗ್ರಹಕ್ಕೆ. ಚಿತ್ರದುರ್ಗದ ಸಮೀಪದ ಆ ಹಳ್ಳಿಯಲ್ಲಿ ಸರಕಾರಕ್ಕೆ ಹೆಂಡದ ಆದಾಯ ತರುತ್ತಿದ್ದ ಈಚಲು ಮರಗಳನ್ನು ಜನ ಕಡಿದುಹಾಕಿದರು. ನಿಜಲಿಂಗಪ್ಪನವರು ಸೆರೆಮನೆಗೆ ಹೋದರು. 1942ರಲ್ಲಿ ಮತ್ತೆ ಹೋದರು. ಕಾನೂನನ್ನು ಇಷ್ಟು ಗೌರವಿಸುವ ವಕೀಲರು ಮರ ಕಡಿಯುವವರ ಮುಂದಾಳಾದದ್ದು ವಿರೋಧಾಭಾಸದಂತೆ ಕಾಣಬಹುದು. ಆದರೆ ಗಾಂಧೀ ತಲೆಮಾರಿನವರ ಕಾನೂನುಭಂಗ ಕೂಡ ಶಿಕ್ಷೆಯನ್ನು ಒಪ್ಪಿಕೊಂಡೇ ಮಾಡಿದ ಕೆಲಸ. ಕಾನೂನು ಮುರಿಯುವುದು, ಅದರ ಬೆಲೆಯನ್ನು ತೆರುವುದು, ಬೆಲೆ ತೆತ್ತ ಮೇಲೆ ದೂರದಿರುವುದು ಅವರಿಗೆ ಒಂದೇ ಕ್ರಿಯೆಯ ಮೂರು ಭಾಗಗಳಾಗಿದ್ದವು.

ಒಂದು ಸಂಗತಿಯನ್ನು ಈ ಸಭೆಯಲ್ಲಿ ವಿಶೇಷವಾಗಿ ಹೇಳಬೇಕೆನಿಸುತ್ತದೆ. ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯರ ಪಟ್ಟಿಯನ್ನು ತೆರೆದು ನೋಡಿ. ನಿಜಲಿಂಗಪ್ಪನವರ ಹೆಸರು ಮೈಸೂರು ಸಂಸ್ಥಾನದ ಪ್ರತಿನಿಧಿಗಳ ಸಾಲಿನಲ್ಲಿ ಸಿಗುವುದಿಲ್ಲ. ಅದು ಮುಂಬಯಿ ಪ್ರಾಂತದ ಸಾಲಿನಲ್ಲಿದೆ. ರಂಗನಾಥ ದಿವಾಕರರು, ಶಂಕರರಾವ್ ದೇವ್, ಸ. ಕಾ. ಪಾಟೀಲರ ಜೊತೆಯಲ್ಲಿ. ಚಿತ್ರದುರ್ಗದ ವಕೀಲರು ಮುಂಬಯಿಯ ಪ್ರತಿನಿಧಿ! ಕಾಂಗ್ರೆಸ್ಸು 1920ರ ನಾಗಪುರ ಅಧಿವೇಶನದಿಂದಲೇ ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿಕೊಂಡಿತ್ತಾದ್ದರಿಂದ, ಬ್ರಿಟಿಷರ ನಕಾಶೆಯಲ್ಲಿ ಹರಿದು ಹಂಚಿಹೋಗಿದ್ದ ಕರ್ನಾಟಕ ಪಕ್ಷದ ನಕಾಶೆಯಲ್ಲಿ ಮೊದಲೇ ಒಂದಾಗಿತ್ತು. ಪಕ್ಷವೆಂಬ ಸಂಸ್ಥೆಯ ಮೇಲೆ ಅವರಿಗೆ ಕೊನೆಯವರೆಗೂ ಇದ್ದ ಶ್ರದ್ಧೆಯ ಬೇರು ಇಲ್ಲಿದೆಯೆಂದು ನನ್ನ ಊಹೆ. ನಾಡಿಗಿಂತ ಮುಂಚೆ ನಾಡನ್ನು ಒಂದುಗೂಡಿಸಿದ ಸಂಸ್ಥೆ ಅದು.

1952ರಲ್ಲಿ ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ ಆಯ್ಕೆಯಾದರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಹುಟ್ಟಿದಾಗ ಅದರ ಮೊದಲ ಮುಖ್ಯಮಂತ್ರಿಯಾದರು. ಏಕೀಕರಣವೆಂದರೆ ನಾವು ಮೆರವಣಿಗೆ, ಭುವನೇಶ್ವರಿಯ ಚಿತ್ರ, ಹಾಡುಗಳನ್ನು ನೆನೆಯುತ್ತೇವೆ. ಕಚೇರಿಯ ಮನುಷ್ಯನಾದ ನನಗೆ ಕಾಣುವುದು ಬೇರೆ ಚಿತ್ರ. ಮುಂಬಯಿ ಪ್ರಾಂತದ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು, ಮದ್ರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಕೊಡಗು, ಹಳೆಯ ಮೈಸೂರು: ಐದು ಕಡೆಯ ಕಡತಗಳು ಒಂದೇ ಮೇಜಿನ ಮೇಲೆ ಬಂದು ಬಿದ್ದವು. ಐದು ಬಗೆಯ ಕಂದಾಯ ಕಾನೂನು, ಐದು ಬಗೆಯ ಸಂಬಳದ ಶ್ರೇಣಿ. ಒಂದು ಕಡೆ ಮಾಮಲೇದಾರ, ಇನ್ನೊಂದು ಕಡೆ ತಹಸೀಲ್ದಾರ, ಮತ್ತೊಂದು ಕಡೆ ಅಮಲ್ದಾರ. ಯಾರು ಯಾರಿಗಿಂತ ಹಿರಿಯರು? ರಾಜ್ಯ ಪುನರ್ವಿಂಗಡಣಾ ಕಾಯಿದೆಯ 115ನೆಯ ಕಲಮಿನ ಕೆಳಗೆ ನಡೆದ ನೌಕರರ ಹಂಚಿಕೆ ಮತ್ತು ಜ್ಯೇಷ್ಠತೆಯ ವ್ಯಾಜ್ಯಗಳು ಎಷ್ಟೋ ವರ್ಷ ನ್ಯಾಯಾಲಯಗಳಲ್ಲಿ ಅಲೆದವು. ನಾಡು ಒಂದಾದದ್ದು ಒಂದು ದಿನದಲ್ಲಿ. ಆಡಳಿತ ಒಂದಾಗಲು ಒಂದು ತಲೆಮಾರು ಬೇಕಾಯಿತು. ಇಂಥ ಕೆಲಸಕ್ಕೆ ಉಗ್ರ ಸುಧಾರಕನಿಗಿಂತ ತಾಳ್ಮೆಯ ವಕೀಲನೇ ಮೇಲು. ಯಾರ ಹಕ್ಕನ್ನೂ ಒಮ್ಮೆಗೇ ಕಿತ್ತುಕೊಳ್ಳದೆ, ಯಾರನ್ನೂ ಪೂರ್ತಿ ತೃಪ್ತಿಪಡಿಸದೆ ದಾರಿ ಸಾಗಿಸಬೇಕು. ಕನ್ನಡ ನಾಡಿನ ಭಾಗ್ಯಕ್ಕೆ ಆ ಹೊತ್ತಿನಲ್ಲಿ ಅಂಥವರೇ ಸಿಕ್ಕರು.

1958ರ ಮೇ ತಿಂಗಳಲ್ಲಿ ಪಕ್ಷದೊಳಗಿನ ಒತ್ತಡಕ್ಕೆ ಮಣಿದು ಅವರು ಸ್ಥಾನ ಬಿಟ್ಟರು, ಬಿ. ಡಿ. ಜತ್ತಿಯವರು ಬಂದರು. ಜತ್ತಿಯವರ ಹೆಸರು ಮುಂದೆ ಮತ್ತೆ ಬರಲಿದೆ. 1962ರ ಚುನಾವಣೆಯಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು: ತಮ್ಮದೇ ಜಿಲ್ಲೆಯ ಹೊಸದುರ್ಗದಲ್ಲಿ ಪ್ರಜಾ ಸಮಾಜವಾದಿ ಅಭ್ಯರ್ಥಿಯ ಎದುರು ಸೋತರು. ಪಕ್ಷ ಗೆದ್ದಿತು, ನಾಯಕ ಸೋತರು. ಎಸ್. ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಶಾಸಕರಾಗಿ ಬಂದ ಕೂಡಲೇ ಖುರ್ಚಿಯನ್ನು ಬಿಟ್ಟುಕೊಟ್ಟರು. ಶಾಸಕರಾಗಿ ಬಂದದ್ದಾದರೂ ಎಲ್ಲಿಂದ? ಬಾಗಲಕೋಟೆಯಿಂದ. ಅಲ್ಲಿನ ಶಾಸಕರಾಗಿದ್ದ ಬಿ. ಟಿ. ಮುರನಾಳರು ತಮ್ಮ ಸ್ಥಾನವನ್ನು ತೆರವು ಮಾಡಿದರು. 1967ರಲ್ಲಿ ಅವರು ಆರಿಸಿ ಬಂದದ್ದು ಧಾರವಾಡ ಜಿಲ್ಲೆಯ ಶಿಗ್ಗಾಂವಿಯಿಂದ. ಹಳೆಯ ಮೈಸೂರಿನಲ್ಲಿ ಸೋತ ನಾಯಕನನ್ನು ಉತ್ತರ ಕರ್ನಾಟಕ ಎತ್ತಿ ಹಿಡಿಯಿತು. ಏಕೀಕರಣದ ಮೊದಲ ಫಲವನ್ನು ಉಂಡವರು ಏಕೀಕರಣದ ನಾಯಕರೇ ಎಂದು ಆಗ ಯಾರಾದರೂ ಕೊಂಕು ನುಡಿದಿದ್ದರೆ ತಪ್ಪೆನ್ನಲಾರೆ.

1962ರ ಜೂನಿನಿಂದ 1968ರ ಮೇವರೆಗಿನ ಎರಡನೆಯ ಅವಧಿಯಲ್ಲಿ ಶರಾವತಿಯ ವಿದ್ಯುತ್ತು ಬಂತು. 1964ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್‌ಬಹಾದೂರ್ ಶಾಸ್ತ್ರಿಯವರಿಂದ ಅಡಿಗಲ್ಲು ಬಿತ್ತು. 1967ರಲ್ಲಿ ಎಂಟು ರಾಜ್ಯಗಳಲ್ಲಿ ಕಾಂಗ್ರೆಸ್ಸು ಬಹುಮತ ಕಳೆದುಕೊಂಡಾಗ ಮೈಸೂರಿನಲ್ಲಿ 216ರಲ್ಲಿ 126 ಸ್ಥಾನ ಗೆದ್ದಿತು. ಇದನ್ನೆಲ್ಲ ಊರಿನಲ್ಲಿರುವವರು ಹೇಳಲಿ. ಗಡಿಯ ಈಚೆಗಿರುವ ನಾವು ಹೇಳಬೇಕಾದದ್ದು ಮಹಾಜನ ಆಯೋಗದ ಕಥೆ.

ಗಡಿಯ ಪ್ರಶ್ನೆ 1956ಕ್ಕೇ ಮುಗಿಯಿತೆಂಬುದು ಮೈಸೂರಿನ ವಾದ. ಮಹಾರಾಷ್ಟ್ರ ಒಪ್ಪಲಿಲ್ಲ. ಸೇನಾಪತಿ ಬಾಪಟರು ಉಪವಾಸ ಕುಳಿತರು. 1966ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಾಧೀಶರಾದ ಮೆಹರ್‌ಚಂದ್ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. ಮುಗಿದ ಪ್ರಶ್ನೆಯನ್ನು ಮತ್ತೆ ಏಕೆ ತೆರೆಯಬೇಕೆಂದು ಕೇಳುವ ಹಕ್ಕು ಮೈಸೂರಿಗಿತ್ತು. ಆದರೂ ಆಯೋಗದ ಮುಂದೆ ಅದು ತನ್ನ ವಾದವನ್ನು ಮಂಡಿಸಿತು. 1967ರ ಆಗಸ್ಟಿನಲ್ಲಿ ಬಂದ ವರದಿ ಬೆಳಗಾವಿಯನ್ನು ಮೈಸೂರಿಗೇ ಉಳಿಸಿ, ನಿಪ್ಪಾಣಿಯನ್ನೂ ಖಾನಾಪುರದ ಹಲವು ಹಳ್ಳಿಗಳನ್ನೂ ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಮೈಸೂರಿಗೆ ಸೇರಿಸಬೇಕೆಂದಿತು. ಆಯೋಗ ಬೇಕೆಂದು ಹಟ ಹಿಡಿದಿದ್ದ ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು. ಆಯೋಗ ಬೇಡವೆನ್ನುತ್ತಿದ್ದ ಮೈಸೂರು, ನಿಪ್ಪಾಣಿಯಂಥ ಊರು ಕೈಬಿಡುವುದೆಂದು ಗೊತ್ತಿದ್ದೂ, ಒಪ್ಪಿಕೊಂಡಿತು. ಕೇರಳ ಕಾಸರಗೋಡನ್ನು ಬಿಡಲೊಪ್ಪಲಿಲ್ಲ. ವರದಿ ಸಂಸತ್ತಿನ ಕಪಾಟು ಸೇರಿತು. 2004ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು.

ಬಂಧುಗಳೆ, ಅಕ್ಕಲಕೋಟೆ ಮತ್ತು ಜತ್ತ ತಾಲೂಕುಗಳಿಂದ ಕೆಲಸ ಹುಡುಕಿಕೊಂಡು ಈ ರೈಲುಮಾರ್ಗಕ್ಕೆ ಬಂದವರು ಇಲ್ಲಿಯೂ ಕುಳಿತಿರಬಹುದು. ಅವರಿಗೆ ಮಹಾಜನ ವರದಿ ಇತಿಹಾಸವಲ್ಲ, ಮನೆಯ ವಿಳಾಸ. ನಿಜಲಿಂಗಪ್ಪನವರು ಆಗ ಪಟ್ಟು ಹಿಡಿದು ಇನ್ನೂ ಹೆಚ್ಚು ಪಡೆಯಬಹುದಿತ್ತೆನ್ನುವವರಿದ್ದಾರೆ. ನಾನು ಹಾಗೆ ಎಣಿಸುವುದಿಲ್ಲ. ಪಂಚನನ್ನು ಒಪ್ಪಿದ ಮೇಲೆ ಪಂಚನ ತೀರ್ಪನ್ನು ಒಪ್ಪಬೇಕೆಂಬುದು ಅವರ ಸ್ವಭಾವಕ್ಕೆ ಸಹಜವಾದ ನಿಲುವು. ತೀರ್ಪು ಜಾರಿಯಾಗದಿದ್ದಾಗ ನಷ್ಟ ಆದದ್ದು ಗಡಿಯ ಎರಡೂ ಬದಿಯ ಕನ್ನಡಿಗರಿಗೆ, ಮರಾಠಿಗರಿಗೆ. ಆ ನಷ್ಟವನ್ನು ತೀರ್ಪು ಒಪ್ಪಿದವರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಇನ್ನು ದಿಲ್ಲಿಯ ಅಧ್ಯಾಯ. 1963ರಲ್ಲಿ ತಿರುಪತಿಯಲ್ಲಿ ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್, ನಿಜಲಿಂಗಪ್ಪ ಮೊದಲಾದವರು ಕೂಡಿ ಮಾತನಾಡಿದ್ದರಿಂದ ‘ಸಿಂಡಿಕೇಟ್’ ಎಂಬ ಹೆಸರು ಹುಟ್ಟಿತು; ಮುಂಬಯಿಯ ಸ. ಕಾ. ಪಾಟೀಲರೂ ಈ ಗುಂಪಿಗೆ ಸೇರಿದವರೇ. 1964ರಲ್ಲಿ ಶಾಸ್ತ್ರಿಯವರನ್ನೂ 1966ರಲ್ಲಿ ಇಂದಿರಾ ಗಾಂಧಿಯವರನ್ನೂ ಪ್ರಧಾನಿ ಪಟ್ಟಕ್ಕೆ ಏರಿಸುವುದರಲ್ಲಿ ಈ ಗುಂಪಿನ ಕೈ ದೊಡ್ಡದು. ಮೊರಾರ್ಜಿಯವರನ್ನು 355ಕ್ಕೆ 169 ಮತಗಳಿಂದ ಸೋಲಿಸಿ ಇಂದಿರಾ ಅವರನ್ನು ತಂದವರೇ ಮೂರು ವರ್ಷಗಳ ಮೇಲೆ ಮೊರಾರ್ಜಿಯವರ ಜೊತೆ ನಿಂತು ಇಂದಿರಾ ಅವರನ್ನು ಎದುರಿಸಿದರು. ಈ ಇಬ್ಬಂದಿಯನ್ನು ಜನ ಮರೆಯಲಿಲ್ಲ. ಪಾಟೀಲರಂತೂ 1967ರಲ್ಲೇ ದಕ್ಷಿಣ ಮುಂಬಯಿಯಲ್ಲಿ ಮಣ್ಣುಮುಕ್ಕಿದ್ದರು. ಸೋಲಿಸಿದವರು ಮಂಗಳೂರಿನಿಂದ ಬಂದ ತರುಣ ಜಾರ್ಜ್ ಫೆರ್ನಾಂಡಿಸ್.

1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ರಾಷ್ಟ್ರಾಧ್ಯಕ್ಷರಾದರು. ಆ ವರ್ಷವೇ ಮುಖ್ಯಮಂತ್ರಿ ಪದವಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟು ದಿಲ್ಲಿಗೆ ಹೋದರು. 1969ರ ಏಪ್ರಿಲಿನಲ್ಲಿ ಫರೀದಾಬಾದಿನ ಅಧಿವೇಶನ ನಡೆಯಿತು. ಸಭೆಯ ನಡುವೆ ಪೆಂಡಾಲಿಗೇ ಬೆಂಕಿ ಬಿದ್ದ ಅಧಿವೇಶನ ಅದು. ಶಕುನ ನಂಬುವವರಿಗೆ ಅಷ್ಟೇ ಸಾಕಿತ್ತು. ಅಧ್ಯಕ್ಷ ಭಾಷಣದಲ್ಲಿ ಅವರು ಸರಕಾರಿ ವಲಯದ ಉದ್ದಿಮೆಗಳ ಅದಕ್ಷತೆಯನ್ನು ಟೀಕಿಸಿದರು. ತೊಡಗಿಸಿದ ಹಣಕ್ಕೆ ಪ್ರತಿಫಲ ಬರಬೇಕೆಂಬುದು ಅವರ ಮಾತಿನ ಸಾರ. ಪ್ರಧಾನಿಯವರು ಅದೇ ವೇದಿಕೆಯಿಂದ ಉತ್ತರ ಕೊಟ್ಟರು: ಸರಕಾರಿ ಉದ್ದಿಮೆಯ ಗುರಿ ಬರೀ ಲಾಭವಲ್ಲ. ಆಳುವ ಪಕ್ಷದ ಅಧ್ಯಕ್ಷರೂ ಪ್ರಧಾನಿಯೂ ಒಂದೇ ವೇದಿಕೆಯ ಮೇಲೆ ಹೀಗೆ ಎದುರುಬದುರಾದದ್ದು ಸಣ್ಣ ಸಂಗತಿಯಲ್ಲ. ಇಂದು ಆ ಭಾಷಣವನ್ನು ಯಾವ ಸರಕಾರಿ ಸಮಿತಿಯ ವರದಿಯೊಳಗೆ ಸೇರಿಸಿದರೂ ಯಾರೂ ಹುಬ್ಬೇರಿಸಲಾರರು. 1969ರಲ್ಲಿ ಅದು ಪ್ರತಿಗಾಮಿಯ ಮಾತೆನಿಸಿತು.

ಮೇ ತಿಂಗಳಲ್ಲಿ ರಾಷ್ಟ್ರಪತಿ ಝಾಕಿರ್ ಹುಸೇನರು ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಇಂದಿರಾ ಅವರ ಆರ್ಥಿಕ ಟಿಪ್ಪಣಿಯನ್ನು ಸಿಂಡಿಕೇಟಿನವರು ಎದುರಿಸಲೇ ಇಲ್ಲ; ಠರಾವು ಸಲೀಸಾಗಿ ಪಾಸಾಯಿತು. ಅವರ ಕಣ್ಣಿದ್ದದ್ದು ರಾಷ್ಟ್ರಪತಿ ಅಭ್ಯರ್ಥಿಯ ಮೇಲೆ. ಸಂಸದೀಯ ಮಂಡಳಿಯಲ್ಲಿ ಸಂಜೀವ ರೆಡ್ಡಿಯವರ ಹೆಸರು ಬಹುಮತದಿಂದ ಗೆದ್ದಿತು. ನನ್ನ ಅಭಿಪ್ರಾಯದಲ್ಲಿ ನಿಜಲಿಂಗಪ್ಪನವರ ಸೋಲು ಶುರುವಾದದ್ದು ಇಲ್ಲಿಯೇ. ತಮಗೆ ನಂಬಿಕೆಯಿದ್ದ ಆರ್ಥಿಕ ವಿಚಾರವನ್ನು ವಾದ ಮಾಡದೆ ಬಿಟ್ಟುಕೊಟ್ಟರು. ವ್ಯಕ್ತಿಯೊಬ್ಬರ ನೇಮಕಕ್ಕಾಗಿ ಪಣ ತೊಟ್ಟರು. ಪ್ರಧಾನಿಯವರು ಅದಕ್ಕೆ ವಿರುದ್ಧವಾಗಿ ಮಾಡಿದರು. ನೇಮಕದ ಜಗಳವನ್ನು ವಿಚಾರದ ಜಗಳವಾಗಿ ಪರಿವರ್ತಿಸಿದರು. ಜುಲೈ 16ರಂದು ಮೊರಾರ್ಜಿಯವರಿಂದ ಹಣಕಾಸು ಖಾತೆಯನ್ನು ಕಿತ್ತುಕೊಂಡರು. ಜುಲೈ 19ರಂದು ಸುಗ್ರೀವಾಜ್ಞೆಯ ಮೂಲಕ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು.

ಆ ಹದಿನಾಲ್ಕರಲ್ಲಿ ಎರಡು ನಮ್ಮ ಕರಾವಳಿಯವು, ಕೆನರಾ ಬ್ಯಾಂಕು ಮತ್ತು ಮಣಿಪಾಲದ ಸಿಂಡಿಕೇಟ್ ಬ್ಯಾಂಕು. ರಾಜಕೀಯದ ಸಿಂಡಿಕೇಟೂ ಬ್ಯಾಂಕಿನ ಸಿಂಡಿಕೇಟೂ ಒಂದೇ ಬೇಸಗೆಯಲ್ಲಿ ಕೈತಪ್ಪಿದವೆಂದು ಹಿರಿಯರು ತಮಾಷೆ ಮಾಡುವುದನ್ನು ಕೇಳಿದ್ದೇನೆ. ಎರಡನೆಯ ಸಿಂಡಿಕೇಟು 2020ರ ಏಪ್ರಿಲ್ 1ರಂದು ಕೆನರಾದಲ್ಲಿ ಲೀನವಾಗಿ ಹೆಸರು ಕಳೆದುಕೊಂಡಿತು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. 1969ರಲ್ಲಿ ಇಡೀ ದೇಶದಲ್ಲಿ ಬ್ಯಾಂಕುಗಳ ಶಾಖೆಗಳು ಎಂಟು ಸಾವಿರ ಚಿಲ್ಲರೆ ಮಾತ್ರ ಇದ್ದವು. ಮುಂದಿನ ಒಂದು ದಶಕದಲ್ಲಿ ಮೂರು ಪಟ್ಟಿಗೂ ಮೀರಿ ಬೆಳೆದವು. ಆ ಶಾಖೆಗಳಿಗೆ ಗುಮಾಸ್ತರು ಬೇಕಾದರು, ಕ್ಯಾಶಿಯರರು ಬೇಕಾದರು. ಡೊಂಬಿವಿಲಿ, ಕಲ್ಯಾಣಗಳಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬ್ಲಾಕು ಹಿಡಿದು, ಬೆಳಿಗ್ಗೆ ಲೋಕಲ್ಲಿನ ಬಾಗಿಲಿಗೆ ಜೋತುಬಿದ್ದು ಕೋಟೆಗೆ ಹೋಗಿಬಂದು ಮಕ್ಕಳನ್ನು ಓದಿಸಿದ ಎಷ್ಟು ಕನ್ನಡ ಕುಟುಂಬಗಳು ಆ ಸಂಬಳದ ಮೇಲೆ ನಿಂತಿವೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಈ ಸಭಾಂಗಣದ ಮುಂದಿನ ಎರಡು ಸಾಲುಗಳನ್ನು ನೋಡಿದರೆ ಸಾಕು. ನಿಜಲಿಂಗಪ್ಪನವರ ಎಚ್ಚರಿಕೆಯಲ್ಲಿ ಸತ್ಯವಿತ್ತು. ಸರಕಾರದ ಕೈಗೆ ಸಿಕ್ಕ ಬ್ಯಾಂಕು ರಾಜಕಾರಣಿಯ ಕೈಗೂ ಸಿಗುತ್ತದೆಂಬುದನ್ನು ಆಮೇಲಿನ ಸಾಲಮೇಳಗಳು ತೋರಿಸಿದವು. ಆದರೆ ಬ್ಯಾಂಕಿನ ಮೆಟ್ಟಿಲನ್ನೇ ಹತ್ತದಿದ್ದ ಜನಕ್ಕೆ ಆ ಎಚ್ಚರಿಕೆ ಉಳ್ಳವರ ಮಾತಾಗಿಯೇ ಕೇಳಿಸಿತು. ಅದು ಕೇವಲ ಪ್ರಚಾರದ ಮಹಿಮೆಯಲ್ಲ.

ರಾಷ್ಟ್ರಪತಿ ಚುನಾವಣೆಗೆ ವಿ. ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಅಭ್ಯರ್ಥಿ ಚಿಂತಾಮಣ ದೇಶಮುಖರು. ಇಲ್ಲಿಂದ ಪನವೇಲು ದಾಟಿದರೆ ಸಿಗುವ ರಾಯಗಡ ಜಿಲ್ಲೆಯವರು, ಹಿಂದೆ ಕೇಂದ್ರದ ಹಣಕಾಸು ಮಂತ್ರಿಯಾಗಿದ್ದವರು. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ರೆಡ್ಡಿಯವರಿಗೆ ಕೊಡಿರೆಂದು ನಿಜಲಿಂಗಪ್ಪನವರು ಆ ಎರಡೂ ಪಕ್ಷಗಳ ನಾಯಕರನ್ನು ಕಂಡು ಕೇಳಿಕೊಂಡರು. ಅದೇ ಅವರ ಕೊರಳಿಗೆ ಉರುಳಾಯಿತು. ಕಾಂಗ್ರೆಸ್ ಅಧ್ಯಕ್ಷರು ಬಲಪಂಥೀಯರೊಡನೆ ಒಳಸಂಚು ನಡೆಸಿದ್ದಾರೆ, ಆದ್ದರಿಂದ ಸದಸ್ಯರು ಆತ್ಮಸಾಕ್ಷಿಯಂತೆ ಮತ ಕೊಡಲಿ ಎಂಬ ಕೂಗೆದ್ದಿತು. ಸಚೇತಕಾಜ್ಞೆ ಹೊರಡಲಿಲ್ಲ.

ಫಲಿತಾಂಶದ ಅಂಕಿಗಳು ಕುತೂಹಲಕರ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಮೌಲ್ಯ ದೊರೆಯಿತು. ಹೊರಬಿದ್ದ ಅಭ್ಯರ್ಥಿಗಳ ಎರಡನೆಯ ಪ್ರಾಶಸ್ತ್ಯಗಳನ್ನು ಹಂಚಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಕೂಡಿ ಕಳೆದು ನೋಡಿ. ಎರಡನೆಯ ಸುತ್ತಿನಲ್ಲಿ ರೆಡ್ಡಿಯವರಿಗೆ 91 ಸಾವಿರಕ್ಕೂ ಹೆಚ್ಚು ಸೇರಿತು, ಗಿರಿಯವರಿಗೆ 18 ಸಾವಿರ ಚಿಲ್ಲರೆ ಮಾತ್ರ. ಎಂದರೆ ನಿಜಲಿಂಗಪ್ಪನವರು ಯಾರ ಮನೆಬಾಗಿಲಿಗೆ ಹೋಗಿ ಕೇಳಿದ್ದರೋ ಅವರು ಮಾತು ಉಳಿಸಿಕೊಂಡರು. ಕೈಕೊಟ್ಟವರು ಸ್ವಂತ ಪಕ್ಷದವರು. ಲೆಕ್ಕದ ದೃಷ್ಟಿಯಿಂದ ಅವರ ಪ್ರಯತ್ನ ಬಹುತೇಕ ಫಲಿಸಿತ್ತು. 14,650ರ ಅಂತರದಲ್ಲಿ ಸೋತಿತು. ರಾಜಕೀಯದ ದೃಷ್ಟಿಯಿಂದ ಆ ಪ್ರಯತ್ನವೇ ಸ್ವಂತದವರನ್ನು ದೂರ ಮಾಡಿತ್ತು. ಎರವಲು ತಂದ ಎಣ್ಣೆಯಿಂದ ದೀಪ ಹಚ್ಚುವಷ್ಟರಲ್ಲಿ ಮನೆಯವರೇ ಎದ್ದು ಹೊರಟುಹೋಗಿದ್ದರು.

ನವೆಂಬರ್ 1ರಂದು ದಿಲ್ಲಿಯಲ್ಲಿ ಎರಡು ಕಾರ್ಯಕಾರಿ ಸಮಿತಿಗಳು ಸೇರಿದವು, ಒಂದು ಪ್ರಧಾನಿಯವರ ಮನೆಯಲ್ಲಿ, ಇನ್ನೊಂದು ಜಂತರ್‌ಮಂತರ್ ರಸ್ತೆಯ ಪಕ್ಷದ ಕಚೇರಿಯಲ್ಲಿ. ನವೆಂಬರ್ 12ರಂದು ಅಧ್ಯಕ್ಷ ನಿಜಲಿಂಗಪ್ಪನವರು ಭಾರತದ ಪ್ರಧಾನಿಯನ್ನು ಪಕ್ಷದ ಪ್ರಾಥಮಿಕ ಸದಸ್ಯತ್ವದಿಂದ ಉಚ್ಚಾಟಿಸಿದರು. ಹಲುವಾಗಲಿನ ತಂದೆಯಿಲ್ಲದ ಹುಡುಗ ನೆಹರೂ ಅವರ ಮಗಳನ್ನು ನೆಹರೂ ಅವರ ಪಕ್ಷದಿಂದ ಹೊರಹಾಕಿದ. ಶಿಸ್ತಿನ ನಿಯಮದಂತೆ ನೋಡಿದರೆ ಆಜ್ಞೆಯಲ್ಲಿ ದೋಷವಿಲ್ಲ. ಅಭ್ಯರ್ಥಿಯನ್ನು ಪಕ್ಷ ಆರಿಸಿದೆ, ಅವರ ನಾಮಪತ್ರಕ್ಕೆ ತಾವೇ ಸೂಚಕರಾಗಿ ಸಹಿ ಹಾಕಿದ ಪ್ರಧಾನಿ ಅವರ ಸೋಲಿಗೆ ದಾರಿ ಮಾಡಿದ್ದಾರೆ. ಯಾವ ವಿಚಾರಣಾಧಿಕಾರಿಯೂ ಇದನ್ನು ಅಶಿಸ್ತೆಂದೇ ಬರೆಯುತ್ತಾನೆ. ಆದರೆ ಆಜ್ಞೆ ಹೊರಡಿಸುವವನಿಗೆ ಅದನ್ನು ಜಾರಿ ಮಾಡುವ ಬಲವಿರಬೇಕೆಂಬುದು ಆಡಳಿತದ ಮೊದಲ ಪಾಠ. ಕಾಂಗ್ರೆಸ್ ಸಂಸದರಲ್ಲಿ ಬಹುಪಾಲು ಜನ ಉಚ್ಚಾಟಿತರ ಹಿಂದೆ ನಡೆದರು.

ಅಮೆರಿಕದಲ್ಲಿ ಇದೇ ಕಾಲಮಾನದ, ಇದೇ ಮನೋಧರ್ಮದ ಒಬ್ಬರಿದ್ದರು: ಓಹಾಯೋ ರಾಜ್ಯದ ಸೆನೆಟರ್ ರಾಬರ್ಟ್ ಟಾಫ್ಟ್. ಅಧ್ಯಕ್ಷರಾಗಿದ್ದ ವಿಲಿಯಂ ಟಾಫ್ಟರ ಮಗ. ಸರಕಾರದ ವೆಚ್ಚ ಮಿತಿಯಲ್ಲಿರಬೇಕೆಂದು ಜೀವಮಾನವೆಲ್ಲ ವಾದಿಸಿದವರು. ‘ಮಿಸ್ಟರ್ ರಿಪಬ್ಲಿಕನ್’ ಎಂದೇ ಅವರಿಗೆ ಹೆಸರು. ಆದರೂ ಅವರ ಪಕ್ಷ 1940, 1948, 1952ರಲ್ಲಿ ಮೂರು ಸಲ ಅವರನ್ನು ಬಿಟ್ಟು ಬೇರೆಯವರನ್ನು ಅಧ್ಯಕ್ಷ ಪದವಿಯ ಅಭ್ಯರ್ಥಿ ಮಾಡಿತು. ಕೊನೆಯ ಸಲ ಗೆದ್ದವರು ಯುದ್ಧವೀರ ಐಸೆನ್‌ಹೋವರ್. ಟಾಫ್ಟ್ ಗೆದ್ದವರ ಕೈಕುಲುಕಿ, ಅವರ ಸರಕಾರಕ್ಕೆ ಸೆನೆಟ್ಟಿನಲ್ಲಿ ಬಹುಮತದ ನಾಯಕರಾಗಿ ದುಡಿದು, 1953ರ ಜುಲೈಯಲ್ಲಿ ತೀರಿಕೊಂಡರು. 1957ರಲ್ಲಿ ಅಮೆರಿಕದ ಇತಿಹಾಸದ ಐವರು ಶ್ರೇಷ್ಠ ಸೆನೆಟರುಗಳನ್ನು ಆರಿಸಿದ ಸಮಿತಿ ಅವರ ಹೆಸರನ್ನು ಸೇರಿಸಿತು. ಸಮಿತಿಯ ಅಧ್ಯಕ್ಷರು ವಿರೋಧ ಪಕ್ಷದ ಜಾನ್ ಕೆನೆಡಿ. ಅಲ್ಲಿ ಸೋತ ಸಂಪ್ರದಾಯನಿಷ್ಠನಿಗೆ ಎದುರು ಪಕ್ಷದವರೂ ನಾಲ್ಕೇ ವರ್ಷಗಳಲ್ಲಿ ಗೌರವ ಸಲ್ಲಿಸಿದರು. ನಮ್ಮಲ್ಲಿ ಸೋತವರಿಗೆ ಬಿರುದು ಮಾತ್ರ ಉಳಿಯಿತು. ಟಾಫ್ಟರಂತೆ ನಿಜಲಿಂಗಪ್ಪನವರೂ ಸೋಲನ್ನು ನುಂಗಿಕೊಂಡು ಪಕ್ಷವನ್ನು ಒಂದಾಗಿ ಉಳಿಸಬಹುದಿತ್ತೆ? ಹಾಗೆ ಕೇಳುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಟಾಫ್ಟ್ ಸೋತದ್ದು ಪಕ್ಷದ ನಿಯಮಗಳೊಳಗೆ. ನಿಜಲಿಂಗಪ್ಪನವರ ಕಣ್ಣಿಗೆ ಸೋತದ್ದು ನಿಯಮವೇ.

1971ರ ಲೋಕಸಭಾ ಚುನಾವಣೆ ಲೆಕ್ಕ ಚುಕ್ತಾ ಮಾಡಿತು. ಇಂದಿರಾ ಅವರ ಕಾಂಗ್ರೆಸ್ಸಿಗೆ 352, ಸಂಸ್ಥಾ ಕಾಂಗ್ರೆಸ್ಸಿಗೆ 16 ಸ್ಥಾನ. ನಿಜಲಿಂಗಪ್ಪನವರು ಕಟ್ಟಿದ ಮೈಸೂರು ರಾಜ್ಯದಲ್ಲಿ ಇಪ್ಪತ್ತೇಳಕ್ಕೆ ಇಪ್ಪತ್ತೇಳೂ ಎದುರಾಳಿಗಳ ಪಾಲಾದವು. ವೀರೇಂದ್ರ ಪಾಟೀಲರ ಸರಕಾರ ಉರುಳಿತು. 1972ರಲ್ಲಿ ಅಧಿಕಾರಕ್ಕೆ ಬಂದ ದೇವರಾಜ ಅರಸರು ಭೂಸುಧಾರಣೆಯಿಂದ, ಹಿಂದುಳಿದ ವರ್ಗಗಳ ರಾಜಕಾರಣದಿಂದ ನಾಡಿನ ಚಹರೆಯನ್ನೇ ಬದಲಿಸಿದರು. ಗೇಣಿದಾರ ಒಡೆಯನಾಗುವುದಕ್ಕೆ ನಿಜಲಿಂಗಪ್ಪನವರ ತಾಳ್ಮೆಯ ಆಡಳಿತದಲ್ಲಿ ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ ಹೇಳಲಾಗದು. ಅವರ ಅಭಿಮಾನಿಗಳು ಎದುರಿಸಬೇಕಾದ ಪ್ರಶ್ನೆ ಇದು. ನಾನೂ ಅಭಿಮಾನಿಯೇ, ನನಗೂ ಇದಕ್ಕೆ ಸುಲಭದ ಉತ್ತರವಿಲ್ಲ.

ಅವರು ಚಿತ್ರದುರ್ಗಕ್ಕೆ ಮರಳಿದರು. 1977ರಲ್ಲಿ ಸಂಸ್ಥಾ ಕಾಂಗ್ರೆಸ್ಸು ಜನತಾ ಪಕ್ಷದಲ್ಲಿ ಕರಗಿತು. ಆ ವರ್ಷದ ದಿಲ್ಲಿಯ ದೃಶ್ಯವನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡು, 1958ರಲ್ಲಿ ನಿಜಲಿಂಗಪ್ಪನವರ ಖುರ್ಚಿಗೆ ಬಂದಿದ್ದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಮಾರ್ಚಿಯಲ್ಲಿ ಅವರ ಸಮ್ಮುಖದಲ್ಲಿ ಮೊರಾರ್ಜಿಯವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಜುಲೈಯಲ್ಲಿ ಜತ್ತಿಯವರ ಸ್ಥಾನಕ್ಕೆ ಬಂದವರು ಸಂಜೀವ ರೆಡ್ಡಿ, ಈ ಸಲ ಅವಿರೋಧವಾಗಿ. 1969ರಲ್ಲಿ ಯಾರಿಗಾಗಿ ಪಕ್ಷವೇ ಒಡೆಯಿತೋ ಅವರೇ ಎಂಟು ವರ್ಷಗಳ ಮೇಲೆ ಒಂದು ಮತವೂ ಚಲಾವಣೆಯಾಗದೆ ರಾಷ್ಟ್ರಪತಿಯಾದರು. ಆ ಸಾಲಿನಲ್ಲಿ ನಿಜಲಿಂಗಪ್ಪನವರು ಇರಲಿಲ್ಲ. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಮೊರಾರ್ಜಿಯವರಿಗಿಂತ ಏಳು ವರ್ಷ ಚಿಕ್ಕವರು. ಯಾವ ಅಧಿಕಾರಸ್ಥಾನಕ್ಕೂ ಅವರು ಮರಳಲಿಲ್ಲ. ಇನ್ನೂ ಇಪ್ಪತ್ತಮೂರು ವರ್ಷ ಬದುಕಿ, 2000ದ ಆಗಸ್ಟ್ 8ರಂದು, ತೊಂಬತ್ತೇಳನೆಯ ವಯಸ್ಸಿನಲ್ಲಿ, ವಕೀಲಿ ಆರಂಭಿಸಿದ್ದ ಆ ಕೋಟೆಯ ಊರಿನಲ್ಲೇ ಕಣ್ಣು ಮುಚ್ಚಿದರು.

 ಅಕ್ಕಲಕೋಟೆ, ಜತ್ತ ಕಡೆಯ ಹಿರಿಯರು ಯಾರಾದರೂ ಮಹಾಜನ ಆಯೋಗ ತಮ್ಮ ಭಾಗಕ್ಕೆ ಬಂದದ್ದನ್ನು ಕಂಡಿದ್ದರೆ, ಇನ್ನು ಪ್ರಶ್ನೋತ್ತರದ ಹೊತ್ತಿನಲ್ಲಿ ದಯಮಾಡಿ ಅವರೇ ಮೊದಲು ಮಾತನಾಡಲಿ.